ಸಿಂಹಗಡದ ಪಿಠ್ಲ ಭಾಕರಿ: ಅವ್ವ ಒಪ್ಪಿದ ಊಟ

ಪುಣೆಗೆ ಬಂದು ನನಗೆ 11 ವರ್ಷ. ಊರಿಂದ ಯಾರೇ ಬಂದರೂ ಒಂದು ದಿನ ಸಿಂಹಗಡಕ್ಕೆ ಕರೆದುಕೊಂಡು ಹೋಗುತ್ತೇನೆ. ಕೋಟೆ ನೋಡೋದು ಇದ್ದೇ ಇದೆ, ನನಗೆ ಅದಕ್ಕಿಂತ ಜಾಸ್ತಿ ಆಸೆ ಮೇಲಿನ ಗುಡಿಸಲುಗಳ ಊಟದ ಮೇಲೆ. ಈ ಸಲ ಮಳೆ ನಿಂತ ಮೇಲೆ ಬಸವನ ಬಾಗೇವಾಡಿಯಿಂದ ಅವ್ವ ಬಂದಿದ್ದಳು. ಐವತ್ತು ವರ್ಷ ರೊಟ್ಟಿ ಬಡಿದ ಕೈ ಅವಳದು. ಅವಳಿಗೆ ಹಿಡಿಸುತ್ತದೋ ಇಲ್ಲವೋ ಅಂತ ಅಳುಕಿತ್ತು.

ಪುಣೆಯಿಂದ ಕೋಟೆ ಸುಮಾರು 30 ಕಿಲೋಮೀಟರ್. ಸ್ವಾರಗೇಟ್ ಕಡೆಯಿಂದ ಬೆಟ್ಟದ ಬುಡದ ತನಕ ಸಿಟಿ ಬಸ್ ಇದೆ. ಕಾಲಲ್ಲಿ ಕಸುವಿದ್ದವರು ನಡೆದೇ ಹತ್ತುತ್ತಾರೆ. ಅವ್ವನಿಗೆ ಮೊಣಕಾಲು ನೋವು, ಹಾಗಾಗಿ ನಾವು ಶೇರ್ ಜೀಪ್ ಹಿಡಿದೆವು. ಒಂದು ಮಾತು ಮಾತ್ರ ಕೇಳಿ, ಭಾನುವಾರ ಬೇಡ. ಒಮ್ಮೆ ಭಾನುವಾರ ಹೋಗಿ ಖಡಕ್‌ವಾಸ್ಲಾ ಅಣೆಕಟ್ಟಿನ ಹತ್ತಿರವೇ ಒಂದು ಗಂಟೆ ಟ್ರಾಫಿಕ್‌ನಲ್ಲಿ ನಿಂತಿದ್ದೆವು. ಅಂದು ಮೇಲೆ ಸಿಕ್ಕಿದ್ದು ಮೊದಲೇ ಮಾಡಿ ಪೇರಿಸಿಟ್ಟ ತಣ್ಣನೆ ಭಾಕರಿ, ಅಂದರೆ ಇಲ್ಲಿಯ ಜೋಳದ ರೊಟ್ಟಿ. ಈ ಸಲ ಬುಧವಾರ ಹೋದೆವು, ಹತ್ತು ಗಂಟೆಗೆಲ್ಲ ಮೇಲಿದ್ದೆವು.

ಪುಣೆ ದರವಾಜಾ ದಾಟಿ, ನಿಧಾನಕ್ಕೆ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಸಮಾಧಿಯ ತನಕ ನಡೆದೆವು. 1670ರಲ್ಲಿ ಈ ಕೋಟೆ ಗೆಲ್ಲುವಾಗ ಅವರು ಸತ್ತ ಕತೆ ಹೇಳಿದೆ. ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದಳು. ಅಲ್ಲಿಂದ ಸೀದಾ ಊಟಕ್ಕೆ.

ಗುಡಿಸಲಿಗೆ ಬೋರ್ಡ್ ಇಲ್ಲ. ಸಗಣಿ ಸಾರಿಸಿದ ನೆಲ, ಕೂರಲು ಚಾಪೆ, ಮೂಲೆಯಲ್ಲಿ ಸೌದೆ ಒಲೆ. ಅವ್ವ ಚಾಪೆಯ ಮೇಲೆ ಕೂರಲೇ ಇಲ್ಲ, ಒಲೆಯ ಪಕ್ಕಕ್ಕೆ ಹೋಗಿ ನಿಂತಳು. ಅಡುಗೆಯ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಜೋಳದ ಹಿಟ್ಟನ್ನು ಕೊಣಮಿಗೆಯಲ್ಲಿ ಅಂಗೈಯಿಂದ ತಿಕ್ಕಿ ತಿಕ್ಕಿ ನಾದಿದಳು. ತಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ನೀರು ಆರುವಾಗ ತಿರುವಿ ಹಾಕಿ, ಕೊನೆಗೆ ಕೆಂಡದ ಬದಿಗೆ ನಿಲ್ಲಿಸಿದಳು. ಭಾಕರಿ ಪುಗ್ಗೆ ಹಾಗೆ ಉಬ್ಬಿತು. "ನಮ್ಮಂಗ ಮಾಡ್ತಾಳ ನೋಡವಾ, ಸ್ವಲ್ಪ ದಪ್ಪ ಅಷ್ಟ," ಅಂದಳು ಅವ್ವ. ಮಾವಶಿಗೆ ಕನ್ನಡ ಬರೋದಿಲ್ಲ, ಆದರೂ ಮಾತು ತಿಳಿದು ನಕ್ಕಳು.

ಪಿಠ್ಲ ಅಂದರೆ ನಮ್ಮ ಜುಣಕದ ತಂಗಿ. ಅದೇ ಕಡಲೆಹಿಟ್ಟು, ಅದೇ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಆದರೆ ಇದು ಗಟ್ಟಿಯಾಗಿರೋದಿಲ್ಲ, ತಾಟಿನಲ್ಲಿ ಮೆಲ್ಲಗೆ ಹರಿಯುತ್ತದೆ. ಜೊತೆಗೆ ಠೇಚಾ, ಕಲ್ಲಲ್ಲಿ ಜಜ್ಜಿದ ಹಸಿಖಾರ. ಒಂದು ಹಸಿ ಉಳ್ಳಾಗಡ್ಡಿ. ಹೊರಗೆ ಮಂಜು, ಕೈಯಲ್ಲಿ ಹಬೆಯಾಡುವ ಭಾಕರಿ. ಅವ್ವ ಮೂರು ತಿಂದಳು. ಮನೆಯಲ್ಲಿ ಎರಡರ ಮೇಲೆ ಮುಟ್ಟದವಳು.

ಕಾಂದಾ ಭಜಿ, ಅಂದರೆ ಉಳ್ಳಾಗಡ್ಡಿ ಬಜ್ಜಿ, ಪರವಾಗಿಲ್ಲ, ಎಣ್ಣೆ ಸ್ವಲ್ಪ ಜಾಸ್ತಿ. ಆದರೆ ಮಟಕಾ ಮೊಸರು ಬಿಡಲೇಬೇಡಿ. ಮುಷ್ಟಿಯಷ್ಟು ದೊಡ್ಡ ಮಣ್ಣಿನ ಕುಡಿಕೆಯಲ್ಲೇ ಹೆಪ್ಪು ಹಾಕಿರುತ್ತಾರೆ. ನೀರನ್ನೆಲ್ಲ ಮಣ್ಣು ಹೀರಿಕೊಂಡು, ಮೊಸರು ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಬೇಕಾದವರು ಸಕ್ಕರೆ ಉದುರಿಸಿಕೊಳ್ಳುತ್ತಾರೆ. ಅವ್ವ ಉಪ್ಪು ಕೇಳಿದಳು. ನಾನು ಹಾಗೇ ತಿಂದೆ, ಕೊನೆಯ ತುತ್ತಿನಲ್ಲಿ ಹಸಿ ಮಣ್ಣಿನ ವಾಸನೆ ಬರುತ್ತದಲ್ವಾ, ಅದಕ್ಕೋಸ್ಕರ.

ಇಬ್ಬರ ಊಟಕ್ಕೆ 500 ರೂಪಾಯಿಯೂ ಆಗಲಿಲ್ಲ. ನೆಟ್‌ವರ್ಕ್ ಕೈಕೊಟ್ಟು ಫೋನಿನಿಂದ ದುಡ್ಡು ಹೋಗಲಿಲ್ಲ, ಅವ್ವನ ಚೀಲದ ನೋಟು ಕೊಟ್ಟೆವು. ನೀವು ಚಿಲ್ಲರೆ ಇಟ್ಟುಕೊಂಡೇ ಹೋಗಿ. ಮತ್ತೆ, ಭಾಕರಿ ಹೇಳುವಾಗ "ಬಿಸಿಯಾಗಿ ಈಗಲೇ ತಟ್ಟಿ ಕೊಡಿ" ಅಂತ ಕೇಳಿ. ಹತ್ತು ನಿಮಿಷ ತಡವಾಗುತ್ತದೆ. ಕಾಯಿರಿ.