ಎಕ್ಸ್‌ರೇಯಲ್ಲಿ ಕಾಣದ ರಾಡ್: ಅಕ್ಕನ ತೊಡೆಯೊಳಗಿನ ಕಾರ್ಬನ್‌ಗೆ ಹನ್ನೊಂದು ತಿಂಗಳು

ಇಪ್ಪತ್ತೆರಡು ವರ್ಷಗಳಿಂದ ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಯುವುದೇ ನನ್ನ ಕೆಲಸ. ರಾಡ್ ಎಂದರೆ ಮೂಳೆಯ ನಡುವೆ ಬೆಳ್ಳಗೆ ಹೊಳೆಯುವ ಪಟ್ಟಿ ಎಂದೇ ಕಣ್ಣು ಪಳಗಿತ್ತು. ಹೋದ ವರ್ಷ ಅಕ್ಕನ ತೊಡೆಯ ಎಕ್ಸ್‌ರೇಯನ್ನು ನಾನೇ ತೆಗೆದೆ. ಪರದೆಯ ಮೇಲೆ ಮೂಳೆ ಇತ್ತು, ಮೇಲೆ ಕೆಳಗೆ ಸ್ಕ್ರೂಗಳಿದ್ದವು, ನಡುವೆ ದಾರದಷ್ಟು ತೆಳುವಾದ ಬಿಳಿ ಗೆರೆ. ಅಷ್ಟೇ. "ರಾಡ್ ಎಲ್ಲಿದೆಯೋ? ಹಾಕಿಯೇ ಇಲ್ಲವೇನೋ?" ಎಂದು ಅಕ್ಕ ಗಾಬರಿಯಾದಳು. ಆ ಗೆರೆ ಟ್ಯಾಂಟಲಂ ಎಂಬ ಲೋಹದ ಎಳೆ. ರಾಡ್ ಎಲ್ಲಿದೆ ಎಂದು ತಿಳಿಯಲೆಂದೇ ಅದನ್ನು ಒಳಗೆ ಸೇರಿಸಿರುತ್ತಾರೆ. ಉಳಿದದ್ದೆಲ್ಲ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಕಾರ್ಬನ್ ನಾರು.

ಅಕ್ಕನ ಸ್ತನ ಕ್ಯಾನ್ಸರ್ ತೊಡೆಮೂಳೆಗೆ ಹರಡಿತ್ತು. ಮೂಳೆ ಮುರಿಯುವ ಮೊದಲೇ ರಾಡ್ ಹಾಕಿ, ಆಮೇಲೆ ರೇಡಿಯೇಷನ್ ಕೊಡೋಣ ಎಂದರು ಬೆಂಗಳೂರಿನ ವೈದ್ಯರು. ನಮ್ಮ ಜನ 'ಕರೆಂಟ್ ಕೊಡುವುದು' ಎನ್ನುತ್ತಾರಲ್ಲ, ಅದೇ. ಲೋಹವಿದ್ದರೆ ಸಿಟಿ ಸ್ಕ್ಯಾನಿನಲ್ಲಿ ಸುತ್ತಲೂ ಗೆರೆಗಳು ಚೆಲ್ಲಿ, ಕಿರಣದ ಪ್ರಮಾಣವನ್ನು ಲೆಕ್ಕ ಹಾಕುವುದೇ ಕಷ್ಟ. ಕಾರ್ಬನ್ ಆ ಕಾಟ ಕೊಡುವುದಿಲ್ಲ.

ನಾನು ಈ ವಸ್ತುವನ್ನು ಮನಸಾರೆ ಮೆಚ್ಚಿದ್ದು ನಾಲ್ಕನೆಯ ತಿಂಗಳಲ್ಲಿ. ಮೊದಲ ಫಿಲ್ಮಿನಲ್ಲಿ ಅಡಿಕೆಯಷ್ಟು ಅಗಲದ ಕಪ್ಪು ಗುಳಿ ಇತ್ತು, ಕ್ಯಾನ್ಸರ್ ಮೂಳೆಯನ್ನು ತಿಂದ ಜಾಗ. ಈಗ ಅದರ ಅಂಚಿಗೆ ಹಾಲಿನ ಕೆನೆಯಂತೆ ತೆಳ್ಳಗೆ ಬಿಳಿ ಕಟ್ಟಿತ್ತು. ಹೊಸ ಮೂಳೆ! ಗುಳಿ ಇದ್ದದ್ದು ರಾಡಿನ ಹಿಂದೆಯೇ. ಲೋಹದ್ದಾಗಿದ್ದರೆ ಆ ಬಿಳುಪು ನನಗೆ ಕಾಣುತ್ತಲೇ ಇರಲಿಲ್ಲ. ಅಕ್ಕನನ್ನು ಪರದೆಯ ಮುಂದೆ ಕೂರಿಸಿ, ಬೆರಳಿಟ್ಟು ತೋರಿಸಿದೆ.

ಇನ್ನೊಂದು ಗುಣವಿದೆ. ಮೂಳೆಗೆ ಭಾರ ಬಿದ್ದಷ್ಟೂ ಅದು ಗಟ್ಟಿಯಾಗುತ್ತದೆ, ಭಾರ ತಪ್ಪಿದರೆ ಸೊರಗುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಲೋಹದ ರಾಡಿಗೆ ಬಳಸುವ ಟೈಟೇನಿಯಂ ಮಿಶ್ರಲೋಹದ ಬಿಗುವು, ಅಂದರೆ ಬಾಗದೆ ನಿಲ್ಲುವ ಗುಣ, ಸುಮಾರು 110 ಗಿಗಾಪಾಸ್ಕಲ್ (ಬಿಗುವನ್ನು ಅಳೆಯುವ ಮಾನ). ಮೂಳೆಯ ಗಟ್ಟಿ ಹೊರಪದರದ್ದು 20ರ ಆಸುಪಾಸು. ಕಾರ್ಬನ್ ನಾರಿನ ರಾಡನ್ನು ಮೂಳೆಯ ಬಿಗುವಿಗೆ ಹತ್ತಿರ ತರಬಹುದು. ಹಾಗಾಗಿ ಭಾರವನ್ನೆಲ್ಲ ಅದೇ ಹೊರದೆ ಮೂಳೆಗೂ ಪಾಲು ಬಿಡುತ್ತದೆ.

ಕೊರತೆಗಳನ್ನೂ ಹೇಳಲೇಬೇಕು. ಬೆಲೆ ಲೋಹದ ರಾಡಿಗಿಂತ ಹಲವು ಪಟ್ಟು. ವಿಮೆಯಿಂದ ನಮಗೆ ಬಂದದ್ದು ಒಂದು ಭಾಗ ಮಾತ್ರ, ಉಳಿದದ್ದಕ್ಕೆ ಭಾವ ಎರಡು ಹಸು ಮಾರಿದರು. ಲೋಹದಂತೆ ಇದನ್ನು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬಾಗಿಸಿ ಹೊಂದಿಸಲಾಗದು, ಅಳತೆ ಮೊದಲೇ ಸರಿಯಾಗಿರಬೇಕು. ರಾಡ್ ಕಾಣದ ಕಾರಣ ಸ್ಕ್ರೂಗೆ ರಂಧ್ರ ಹುಡುಕಲು ಹೆಚ್ಚು ಹೊತ್ತು ಹಿಡಿಯಿತೆಂದು ವೈದ್ಯರೇ ಹೇಳಿದರು.

ನನಗೆ ಸಿಟ್ಟು ತರಿಸಿದ್ದು ಮಾರಾಟದವರ ಮಾತು. ಇದು 'ನ್ಯಾನೋ ಕಾರ್ಬನ್', ಮೂಳೆಯನ್ನು ತಾನೇ ಬೆಳೆಸುತ್ತದೆ ಎಂದು ಒಬ್ಬ ಪ್ರತಿನಿಧಿ ಭಾವನಿಗೆ ಹೇಳಿದ್ದ. ಕಾರ್ಬನ್ ನಾರಿನ ದಪ್ಪ ಸುಮಾರು 7 ಮೈಕ್ರೋಮೀಟರ್, ಅಂದರೆ 7,000 ನ್ಯಾನೋಮೀಟರ್. ನಿಜವಾದ ನ್ಯಾನೋ ಕಾರ್ಬನ್ ಆದ ಒಂದೇ ಪದರದ ಕಾರ್ಬನ್ ನ್ಯಾನೋಕೊಳವೆಯ ಅಗಲವಾದರೋ ಒಂದೆರಡು ನ್ಯಾನೋಮೀಟರ್. ಎರಡೂ ಒಂದೇ ಅಲ್ಲ. ನ್ಯಾನೋ ಕಾರ್ಬನ್ ಮೇಲೆ ಮೂಳೆಯ ಕೋಶಗಳನ್ನು ಬೆಳೆಸುವ ಕೆಲಸ ನಿಜವಾಗಿಯೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಗ್ರಾಫೀನ್ (ಒಂದು ಪರಮಾಣುವಿನಷ್ಟೇ ದಪ್ಪದ ಕಾರ್ಬನ್ ಹಾಳೆ) ಬೆರೆಸಿದ ಪಾಲಿಮರ್ ಹಂದರಗಳ ಮೇಲೆ ಪ್ರಯೋಗಗಳಾಗಿವೆ. ಆದರೆ ಅದು ಪ್ರಯೋಗಾಲಯದ ಮಾತು. ಉದ್ದನೆಯ ನ್ಯಾನೋಕೊಳವೆಗಳು ಇಲಿಗಳ ಹೊಟ್ಟೆಯೊಳಗೆ ಕಲ್ನಾರು (ಆಸ್ಬೆಸ್ಟಾಸ್) ತರುವಂಥ ಉರಿಯೂತ ತಂದದ್ದು 2008ರಲ್ಲಿ ಪ್ರಕಟವಾಗಿದೆ. ಅಂಥ ವಸ್ತುವಿನ ಹೆಸರು ಹೇಳಿ ಭಯದಲ್ಲಿರುವ ಮನೆಯವರಿಗೆ ಆಸೆ ಹುಟ್ಟಿಸುವುದು ತಪ್ಪು. ಅಕ್ಕನ ಮೂಳೆ ಬೆಳೆದದ್ದು ರೇಡಿಯೇಷನ್ ಮತ್ತು ಔಷಧಗಳಿಂದ ಗಡ್ಡೆ ಕುಗ್ಗಿದ್ದಕ್ಕೆ. ರಾಡ್ ಕಾಲಿಗೆ ಆಸರೆ ಕೊಟ್ಟಿತು, ನಮಗೆ ನೋಡಲು ದಾರಿ ಬಿಟ್ಟಿತು. ನನಗೆ ಅಷ್ಟು ಸಾಕು.

ಇಂಥ ರಾಡ್ ಹಾಕಿಸಿಕೊಳ್ಳುವವರು, ಒಳಗೆ ಏನು ಹಾಕಿದ್ದಾರೆಂದು ಬರೆದ ಇಂಪ್ಲಾಂಟ್ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಬೇರೆ ಕಡೆ ಎಕ್ಸ್‌ರೇ ತೆಗೆಸಿದಾಗ ಅಕ್ಕನ ವರದಿಯಲ್ಲಿ ಬರೀ ಸ್ಕ್ರೂಗಳೆಂದು ಬರೆದಿದ್ದರು. ರಾಡಿನ ಸುದ್ದಿಯೇ ಇರಲಿಲ್ಲ. ಈಗ ಅವಳು ಆ ಕಾರ್ಡನ್ನು ಪಡಿತರ ಚೀಟಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಎಲ್ಲಿಗೆ ಹೊರಟರೂ ಕೈಚೀಲಕ್ಕೆ ಹಾಕಿಕೊಳ್ಳುತ್ತಾಳೆ.