ನಿದ್ದೆ ಬರೋಕೆ ರಾತ್ರಿ ಕಿಕ್‌ಬಾಕ್ಸಿಂಗಾ, ಬೆಳಿಗ್ಗೆ ಕರಾಟೆನಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಕರಾಟೆಗೆ. ಮಲಗಿದ ತಕ್ಷಣ ಇಎಂಐ, ನಾಳೆ ಮೀಟಿಂಗು ಅಂತ ತಲೆ ಓಡೋಕೆ ಶುರುವಾಗೋ ಜಾತಿ ನಾನು, ಮೈ ದಣಿದ್ರೆ ನಿದ್ದೆ ತಾನಾಗೇ ಬರುತ್ತೆ ಅಂತ ಎಲ್ರೂ ಹೇಳಿದ್ರು, ಸರಿ ಅಂತ ಮೊದ್ಲು ಸೇರಿದ್ದು ರಾತ್ರಿ ಎಂಟೂವರೆ ಕಿಕ್‌ಬಾಕ್ಸಿಂಗ್ ಬ್ಯಾಚಿಗೆ.

ಸುಸ್ತಾಗೋದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಕ್ಲಾಸ್ ಮುಗಿಯೋದು ಒಂಬತ್ತೂವರೆಗೆ, ಮನೆ ಸೇರಿ ಸ್ನಾನ ಮಾಡಿ ಊಟಕ್ಕೆ ಕೂತ್ರೆ ಹತ್ತೂಕಾಲು, ಹನ್ನೊಂದಕ್ಕೆ ದಿಂಬಿಗೆ ತಲೆ ಕೊಟ್ರೂ ಎದೆ ಡವಡವ ಅಂತಿರುತ್ತೆ. ನಿದ್ದೆ ಹತ್ಬೇಕು ಅಂದ್ರೆ ಮೈಯೊಳಗಿನ ಬಿಸಿ ಸ್ವಲ್ಪ ಇಳೀಬೇಕು, ಅಷ್ಟು ಜೋರಾಗಿ ಒದ್ದು ಗುದ್ದಿ ಬಂದ್ಮೇಲೆ ಅದು ಬೇಗ ಇಳಿಯಲ್ಲ, ಮೇಲೆ ಅಡ್ರಿನಲಿನ್ ಬೇರೆ. ಫ್ಯಾನ್ ಐದರಲ್ಲಿಟ್ರೂ ಬೆಡ್‌ಶೀಟು ಬೆನ್ನಿಗೆ ಅಂಟ್ಕೊಳ್ತಿತ್ತು. ಟ್ರೈನರ್ ಕೊಟ್ಟ ಪ್ರೀ-ವರ್ಕೌಟ್ ಪುಡಿ ವಿಷಯ ಕೇಳ್ಲೇಬೇಡಿ, ಅದರಲ್ಲಿರೋ ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು.

ಸ್ಪಾರಿಂಗ್, ಅಂದ್ರೆ ಇಬ್ರು ಎದುರುಬದುರು ನಿಂತು ಫೈಟ್ ಪ್ರಾಕ್ಟೀಸ್ ಮಾಡೋದು, ಇದ್ದ ದಿನ ಅಂತೂ ಮುಗೀತು. ಎದುರಿನ ಹುಡುಗ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ತೋರ್ಸಿ ಕಾಲಿಗೆ ಲೋ ಕಿಕ್ ಇಟ್ಟ, ನಾನು ಕಾಲೆತ್ತಿ ತಡೀಬೇಕಿತ್ತು, ಇಲ್ಲ ಹಿಂದಕ್ಕೆ ಸರೀಬೇಕಿತ್ತು... ಇದೇ ಕತ್ತಲಲ್ಲಿ ರಿಪೀಟು. ಮೀಟಿಂಗ್ ಚಿಂತೆ ಹೋಯ್ತು ನಿಜ, ಆ ಜಾಗದಲ್ಲಿ ಈ ಹುಡುಗ ಬಂದು ಕೂತ. "ನಿದ್ದೇಲಿ ಒದೀತೀರ್ರೀ, ಹಾಲಲ್ಲಿ ಮಲ್ಕೊಳ್ಳಿ" ಅಂದ್ಳು ಹೆಂಡ್ತಿ.

ಕರಾಟೆ ಬೆಳಿಗ್ಗೆ ಆರಕ್ಕೆ, ಶೋಟೋಕಾನ್ ಅನ್ನೋ ಶೈಲಿ. ಕಟಾ ಅಂದ್ರೆ ಒಂದೇ ಕ್ರಮದಲ್ಲಿ ಒಬ್ರೇ ಮಾಡೋ ಮೂವ್‌ಮೆಂಟ್‌ಗಳ ಸರಣಿ, ಮೊದಲನೇದು ಹೈಯಾನ್ ಶೋಡಾನ್, 21 ಮೂವ್‌ಮೆಂಟ್. ಸೆನ್ಸೈ, ಅಂದ್ರೆ ಗುರುಗಳು, ಜಪಾನಿ ಭಾಷೇಲಿ ಇಚಿ, ನಿ, ಸಾನ್ ಅಂತ ಎಣಿಸ್ತಿರುವಾಗ ತಲೆ ಆಫೀಸ್ ಕಡೆ ಹೋಯ್ತೋ, ಎಡಕ್ಕೆ ತಿರುಗೋ ಕಡೆ ಬಲಕ್ಕೆ ತಿರುಗಿ ಪಕ್ಕದ ಏಳನೇ ಕ್ಲಾಸ್ ಹುಡುಗನ ಮುಖಕ್ಕೆ ಮುಖ ಕೊಟ್ಟು ನಿಂತಿರ್ತೀನಿ, ಅವನು ಕಿಸಕ್ ಅಂತಾನೆ. ಹಾಗಾಗಿ ಆ ಒಂದು ಗಂಟೆ ತಲೆಗೆ ಅಲೆದಾಡೋ ಪುರಸೊತ್ತೇ ಇಲ್ಲ. ಬೇಗ ಏಳೋದು, ಬೆಳಗಿನ ಬೆಳಕು ಕಣ್ಣಿಗೆ ಬೀಳೋದು, ಇವೆರಡ್ರಿಂದ ರಾತ್ರಿ ಹತ್ತಕ್ಕೇ ಆಕಳಿಕೆ. ಈಗ್ಲೂ ಕೆಲವು ರಾತ್ರಿ ಇಎಂಐ ಎಬ್ಬಿಸುತ್ತೆ, ಸುಳ್ಳು ಹೇಳಲ್ಲ. ಮಂಡಿ ನೋವು ಸ್ವಲ್ಪ ಇದೆ.

ಪಾರ್ಕಲ್ಲಿ ತಾಯ್ ಚೀ, ಅದೇ ನಿಧಾನವಾಗಿ ಮಾಡೋ ಚೀನಾದ ವ್ಯಾಯಾಮ, ಅದನ್ನೂ ನೋಡ್ದೆ, ನಿದ್ದೆಗೆ ಒಳ್ಳೇದು ಅನ್ನೋ ಸಂಶೋಧನೆಗಳಿವೆ, ಆದ್ರೆ ನಂಗೆ ಅಷ್ಟು ನಿಧಾನ ತಡೀಲಿಲ್ಲ.

ದುಡ್ಡಿನ ಲೆಕ್ಕದಲ್ಲೂ ಕರಾಟೆಗೆ ಒಂದು ಡ್ರೆಸ್ಸು, ತಿಂಗಳ ಫೀಸು, ಅಷ್ಟೇ. ಕಿಕ್‌ಬಾಕ್ಸಿಂಗಿಗೆ ಗ್ಲೌಸು, ಶಿನ್ ಗಾರ್ಡು, ಮೌತ್ ಗಾರ್ಡು, ಮೂರು ತಿಂಗಳ ಅಡ್ವಾನ್ಸು. ರಾತ್ರಿ ಒಂದಕ್ಕೆ ಮಲಗೋರಾದ್ರೆ ಕಿಕ್‌ಬಾಕ್ಸಿಂಗ್ ನಡೆಯುತ್ತೇನೋ, ಸಂಜೆ ಆರರ ಬ್ಯಾಚ್ ಸಿಕ್ರೆ ಇನ್ನೂ ಒಳ್ಳೇದು. ನನ್ನ 12 ಔನ್ಸ್ ಗ್ಲೌಸ್ ಅರ್ಧ ರೇಟಿಗೆ ಕೊಡ್ತೀನಿ, ಬೇಕಾದ್ರೆ ಹೇಳಿ.