ಕೆರೆ ಹೂಳಿಗೆ ಯಾವ ಸೆನ್ಸರ್? ನನ್ನ ಓಟು ಎಂಎಸ್2ಬಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು ಬಾರ್ಟಿಂಗ್ಟನ್ ಕಂಪನಿಯ ಎಂಎಸ್2ಬಿ, ಮಣ್ಣಿನ ಕಾಂತಗುಣ ಅಳೆಯುವ ಸೆನ್ಸರ್. ಕೆರೆಯ ಹೂಳು, ಸುತ್ತಲಿನ ಕೆಂಪು ಮಣ್ಣು ಎಲ್ಲಾ ಸೇರಿ 160 ಸ್ಯಾಂಪಲ್ ಅಳೆದ ಮೇಲಿನ ಮಾತಿದು. ಹೂಳಿನ ಪದರಗಳಲ್ಲಿ ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿ (ಕಾಂತಕ್ಷೇತ್ರದಲ್ಲಿಟ್ಟಾಗ ವಸ್ತು ಎಷ್ಟು ಕಾಂತವಾಗುತ್ತದೆ ಎಂಬ ಅಳತೆ) ಏರಿಳಿಯುವುದನ್ನು ನೋಡಿ, ಯಾವ ಕಾಲದಲ್ಲಿ ಮಣ್ಣು ಜಾಸ್ತಿ ಕೊಚ್ಚಿ ಬಂತು ಎಂದು ಅಂದಾಜು ಮಾಡಬೇಕಿತ್ತು.

ಶುರು ಮಾಡಿದ್ದು ಕೆಮಿಸ್ಟ್ರಿ ಲ್ಯಾಬಿನ ಗೂಯ್ ಬ್ಯಾಲೆನ್ಸ್‌ನಿಂದ. ಕಾರಣ ಇಷ್ಟೇ, ಪುಕ್ಕಟೆ ಸಿಗುತ್ತಿತ್ತು. ಸಣ್ಣ ಗಾಜಿನ ಕೊಳವೆಗೆ ಪುಡಿ ತುಂಬಿ ಎಲೆಕ್ಟ್ರೋಮ್ಯಾಗ್ನೆಟ್‌ನ ಎರಡು ಧ್ರುವಗಳ ನಡುವೆ ಇಳಿಬಿಡಬೇಕು. ಕರೆಂಟ್ ಇಲ್ಲದೆ ಒಂದು ತೂಕ, ಹರಿಸಿ ಇನ್ನೊಂದು. ಎರಡರ ವ್ಯತ್ಯಾಸದಿಂದ ಸಸೆಪ್ಟಿಬಿಲಿಟಿ ಸಿಗುತ್ತದೆ. ನಿಕಲ್, ಕೋಬಾಲ್ಟ್ ಕಾಂಪ್ಲೆಕ್ಸ್‌ಗಳಿಗೆ ಸೊಗಸಾದ ವಿಧಾನ. ನಾನು ಕೆಂಪು ಮಣ್ಣು ತುಂಬಿ ಸ್ವಿಚ್ ಹಾಕಿದೆ. ಕೊಳವೆ ಟಕ್ ಅಂತ ಹೋಗಿ ಧ್ರುವಕ್ಕೆ ಅಂಟಿಕೊಂಡಿತು! ಮಣ್ಣಲ್ಲಿ ಮ್ಯಾಗ್ನೆಟೈಟ್, ಮ್ಯಾಗ್ಹೆಮೈಟ್‌ನಂಥ ಬಲವಾದ ಕಾಂತಗುಣದ ಕಬ್ಬಿಣದ ಖನಿಜಗಳು ಇರುತ್ತವಲ್ವಾ. ಅಂಟದಿದ್ದರೂ ಪ್ರಯೋಜನ ಇರಲಿಲ್ಲ. ಅಷ್ಟು ಬಲವಾದ ಕ್ಷೇತ್ರದಲ್ಲಿ ಈ ಖನಿಜಗಳ ಸಸೆಪ್ಟಿಬಿಲಿಟಿ ಒಂದೇ ಆಗಿ ಉಳಿಯುವುದಿಲ್ಲ, ಕ್ಷೇತ್ರ ಬದಲಾದಂತೆ ಅದೂ ಬದಲಾಗುತ್ತದೆ.

ಕೈಯಲ್ಲಿ ಹಿಡಿಯುವ ಮೀಟರ್ ಬಂಡೆ ನೋಡಲು ಸರಿ, ಡಬ್ಬಿಯಲ್ಲಿನ ಪುಡಿಗೆ ಅಲ್ಲ.

ಎಂಎಸ್2ಬಿಯಲ್ಲಿ 10 ಎಂಎಲ್ ಡಬ್ಬಿಯನ್ನು ಗುಂಡಿಗೆ ಇಳಿಸಿ ಬಟನ್ ಒತ್ತಿದರಾಯಿತು. ಕ್ಷೇತ್ರ ತೀರಾ ಸಣ್ಣದು, ಯಾವುದೂ ಹಾರಿ ಅಂಟುವುದಿಲ್ಲ. ಕ್ಷೇತ್ರದ ಫ್ರೀಕ್ವೆನ್ಸಿ ಎರಡು, 0.46 ಮತ್ತು 4.6 ಕಿಲೋಹರ್ಟ್ಸ್. ಎರಡರ ರೀಡಿಂಗ್ ನಡುವಿನ ವ್ಯತ್ಯಾಸ ಶೇಕಡಾ ಎಷ್ಟು ಎಂಬುದು, ಮಣ್ಣು ರೂಪುಗೊಳ್ಳುವಾಗ ಹುಟ್ಟುವ ಅತಿ ಸಣ್ಣ ಕಣಗಳ ಸುಳಿವು ಕೊಡುತ್ತದೆ. ನನಗೆ ತಲೆನೋವು ತಂದದ್ದೂ ಇದೇ.

ಒಂದು ಹೂಳಿನ ಡಬ್ಬಿ ಬೆಳಿಗ್ಗೆ 5.0 ಮತ್ತು 4.7 ತೋರಿಸಿತು. ಅಂದರೆ ಶೇ 6. ಖುಷಿಯಾಗಿ ಬರೆದಿಟ್ಟುಕೊಂಡೆ. ಊಟ ಮಾಡಿ ಬಂದು ಅದೇ ಡಬ್ಬಿ ಇಟ್ಟರೆ ಎರಡೂ 4.9. ಈಗ ಶೇ 0! ಮೂರನೇ ಸಲ ಇನ್ನೇನೋ. ಡಬ್ಬಿ ಬದಲಾಯಿತಾ ಅಂತ ನೋಡಿದೆ. ಜೇಬಿನ ಮೊಬೈಲ್, ಕೀಲಿ ತೆಗೆದಿಟ್ಟೆ. ಕಬ್ಬಿಣದ ಸ್ಟೂಲ್ ಆಚೆ ಸರಿಸಿದೆ. ಊಹೂಂ.

ಎರಡು ದಿನ ಹೀಗೇ ಹೋಯಿತು. ಕೊನೆಗೆ ಗೊತ್ತಾಯಿತು, ಎಸಿ ಗಾಳಿ ನೇರ ಸೆನ್ಸರ್ ಮೇಲೆ ಬೀಳುತ್ತಿತ್ತು. ಬಿಸಿ ತಂಪು ಆದಂತೆ ಸೊನ್ನೆ ಮೆಲ್ಲಗೆ ಜಾರುತ್ತಿತ್ತು. ರೀಡಿಂಗ್ 500 ಇದ್ದರೆ 0.3ರ ಜಾರು ಲೆಕ್ಕಕ್ಕೇ ಬರುವುದಿಲ್ಲ. ರೀಡಿಂಗ್ 5 ಇದ್ದರೆ ಅದೇ 0.3 ಪೂರ್ತಿ ಕಥೆಯನ್ನೇ ಹುಟ್ಟಿಸುತ್ತದೆ. ತಪ್ಪು ಸೆನ್ಸರ್‌ದಲ್ಲ, ಮೇಜು ಇಟ್ಟ ನನ್ನದು.

ಆಮೇಲೆ ಮೇಜು ಸರಿಸಿ, ಎಸಿ ಆರಿಸಿ, ಮೊದಲಿನಂತೆ 0.1 ರೇಂಜ್‌ನಲ್ಲೇ ಅಳೆದೆ. 1ರ ರೇಂಜ್‌ಗಿಂತ ಸಮಯ ಹತ್ತು ಪಟ್ಟು ಬೇಕು, ಆದರೆ ಒಂದು ದಶಾಂಶ ಜಾಸ್ತಿ ಸಿಗುತ್ತದೆ. ಮೊದಲು ಏನೂ ಇಡದೆ ಬರೀ ಗಾಳಿ, ನಂತರ ಡಬ್ಬಿ, ಮತ್ತೆ ಗಾಳಿ. ಎರಡು ಗಾಳಿ ರೀಡಿಂಗ್‌ಗಳ ಸರಾಸರಿ ಕಳೆಯಬೇಕು. ಖಾಲಿ ಡಬ್ಬಿಯನ್ನೂ ಅಳೆದು ಕಳೆಯಬೇಕು, ಪ್ಲಾಸ್ಟಿಕ್‌ನದು ಮೈನಸ್ ರೀಡಿಂಗ್. ಒಂದು ಡಬ್ಬಿಗೆ ಐದು ನಿಮಿಷ ಹಿಡಿದು, 160ಕ್ಕೆ 13 ಗಂಟೆ ದಾಟಿತು. 10ಕ್ಕಿಂತ ಕಡಿಮೆ ಬಂದ ಡಬ್ಬಿಗಳ ಶೇಕಡಾ ಲೆಕ್ಕವನ್ನು ಕೈಬಿಟ್ಟೆ. ನಷ್ಟವೇ, ಆದರೆ ಸುಮ್ನೆ ಸುಳ್ಳು ಅಂಕಿ ಇಟ್ಟುಕೊಂಡು ಏನು ಮಾಡಲಿ?

ಇನ್ನು ಕಪ್ಪಾಬ್ರಿಜ್. ಇದೂ ಸಸೆಪ್ಟಿಬಿಲಿಟಿ ಅಳೆಯುವುದೇ, ಚೆಕ್ ದೇಶದ ಬ್ರ್ನೋ ನಗರದಲ್ಲಿ ತಯಾರಾಗುವ ಯಂತ್ರ. ಬೇರೆ ಲ್ಯಾಬಿನಲ್ಲಿ ರೀಡಿಂಗ್ ತೀರಾ ಕಡಿಮೆ ಬಂದ 12 ಡಬ್ಬಿಗಳನ್ನು ಇದರಲ್ಲಿ ಅಳೆದೆ. ಎಂಎಸ್2ಬಿಗಿಂತ ಸುಮಾರು ನೂರು ಪಟ್ಟು ಸೂಕ್ಷ್ಮ. ಸೊನ್ನೆಯನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಅದರ ಮುಂದೆ ಕೂತಾಗ ನನ್ನ 13 ಗಂಟೆ ನೆನಪಾಗಿ ಹೊಟ್ಟೆ ಉರಿಯಿತು. ಬೆಲೆ ಕೇಳಿದ ಮೇಲೆ ಉರಿ ಆರಿತು.

ನೀವು ಸುಣ್ಣಕಲ್ಲು, ಬಿಳಿ ಮರಳಿನಂಥ ಕಡಿಮೆ ರೀಡಿಂಗ್‌ನ ವಸ್ತು ಅಳೆಯುವವರಾದರೆ ಕಪ್ಪಾಬ್ರಿಜ್ ಇರುವ ಲ್ಯಾಬಿನಲ್ಲಿ ಒಂದು ದಿನ ಕೇಳಿಕೊಳ್ಳಿ. ನನ್ನದು ಹೆಚ್ಚಾಗಿ ಕೆಂಪು ಮಣ್ಣು, ರೀಡಿಂಗ್ ನೂರರ ಮೇಲೆ. ಬೆಳಿಗ್ಗೆ ಏಳಕ್ಕೇ ಲ್ಯಾಬಿಗೆ ಹೋಗಿ ಫ್ಯಾನನ್ನೂ ಹಾಕದೆ ಕೂರುವ ಅಭ್ಯಾಸ ಬೇರೆ ಆಗಿದೆ. ನನಗೆ ಎಂಎಸ್2ಬಿಯೇ ಸಾಕು.